ಚುಕ್ಕಾಣಿಯವನ ಮೇಲೊಂದು ತಕರಾರು

ಪ್ರತಿ ವರ್ಷ ಕೊನೆಯ ಕಂತಿನ ಹೊತ್ತಿಗೆ ಪಟ್ಟಿಯಕ್ಕ ಚಹಾದ ಟ್ರೇ ಹಿಡಿದು ಟೀವಿಗೆ ಅಡ್ಡ ಬರುತ್ತಿದ್ದಳು. ಪ್ರತಿ ವರ್ಷ ಕುರ್ಚಿಗಳಿಂದ "ಅಯ್ಯೋ, ಪಕ್ಕಕ್ಕೆ! ಪಕ್ಕಕ್ಕೆ!" ಎಂಬ ಕೂಗು ಏಳುತ್ತಿತ್ತು. ಅವಳು ಸರಿಯುತ್ತಿದ್ದಳು, ಲೋಟಗಳನ್ನು ಇಡುತ್ತಿದ್ದಳು, ಒಳಗೆ ಹೋಗುತ್ತಿದ್ದಳು. ಈ ಭಾನುವಾರ ಮಧ್ಯಾಹ್ನ ಸರಿಯಲಿಲ್ಲ. ಇಷ್ಟು ವರ್ಷ ಬೈಸಿಕೊಂಡದ್ದು ಯಾವ ಘನಂದಾರಿ ದೃಶ್ಯಕ್ಕಾಗಿ ಎಂದು ನಿಂತಲ್ಲೇ ತಿರುಗಿ ನೋಡಿದಳು.

ಪರದೆ ತುಂಬ ಒಂದು ಮುಖವಿತ್ತು. ಅಗಲ ದವಡೆ, ನಿದ್ದೆಗೆಟ್ಟ ಕಣ್ಣು, ಹಣೆಯ ಮೇಲೊಂದು ಗಾಯದ ಗೆರೆ. ಆ ಮನುಷ್ಯ ದೊಡ್ಡದೊಂದು ಚಕ್ರದ ಮೇಲೆ ಎರಡೂ ಕೈ ಇಟ್ಟುಕೊಂಡು ಎದುರಿಗೆ ನೋಡುತ್ತ ಕೂತಿದ್ದ. ಮಾತಿರಲಿಲ್ಲ, ಸಂಗೀತವೂ ಇರಲಿಲ್ಲ.

"ಇದ್ಯಾರು?" ಎಂದಳು ಪಟ್ಟಿಯಕ್ಕ.

ಕೋಣೆಯಲ್ಲಿದ್ದ ಮೂವರು ಗಂಡಸರೂ ಕೇಳಬಾರದ್ದನ್ನು ಕೇಳಿದವಳನ್ನು ನೋಡುವಂತೆ ಅವಳನ್ನು ನೋಡಿದರು. ಆಮೇಲೆ ಮೇಷ್ಟ್ರು ನಕ್ಕರು. ಮೇಷ್ಟ್ರು ನಕ್ಕರೆ ಅವಳ ಗಂಡ ನಗದೆ ಇರುವವರಲ್ಲ. ಗಡಿಯಾರ ರಿಪೇರಿಯವರು ಮಾತ್ರ ನಗಲಿಲ್ಲ. ಆದರೆ ಅವರು ಯಾವುದಕ್ಕೂ ನಗುವ ಪೈಕಿಯಲ್ಲ, ಹಾಗಾಗಿ ಅದನ್ನು ಲೆಕ್ಕಕ್ಕೆ ಹಿಡಿಯುವಂತಿರಲಿಲ್ಲ.

"ಇದ್ಯಾರು ಅಂತೆ! ಚುಕ್ಕಾಣಿಯವನೇ ಗೊತ್ತಿಲ್ವಂತೆ!" ಎಂದರು ಗಂಡ. "ಇಡೀ ಧಾರಾವಾಹಿಗೆ ಪ್ರಾಣ ಕಣೇ ಅವನು. ಮೊದಲನೇ ಕಂತಿಂದ ಇದ್ದಾನೆ."

"ಮತ್ತೆ ನಾನು ಒಂದು ಸಲಾನೂ ಅವನ ದನಿ ಕೇಳಿಲ್ವಲ್ಲ?"

"ಅವನು ಮಾತೇ ಆಡಲ್ಲ. ಶುರುವಿಂದ ಕೊನೇವರೆಗೂ ತುಟಿಪಿಟಕ್ ಅನ್ನಲ್ಲ. ಅದೇ ಅವನ ದೊಡ್ಡಸ್ತಿಕೆ. ಈಗ ಸ್ವಲ್ಪ ಸರಿ ನೋಡೋಣ."

ಇದನ್ನು ಕೊಂಚ ಬಿಡಿಸಿ ಹೇಳಬೇಕು. ಪಟ್ಟಿಯಕ್ಕ ಆಸ್ಪತ್ರೆಯ ಪ್ಲಾಸ್ಟರ್ ಕೋಣೆಯಲ್ಲಿ ಮುರಿದ ಕೈಕಾಲಿಗೆ ಪಟ್ಟಿ ಸುತ್ತುವವಳು. ಹೆಸರು ಅಲ್ಲಿಂದ ಅಂಟಿಕೊಂಡದ್ದು. ಗಂಡ ನೀರು ಸರಬರಾಜು ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದು ನಿವೃತ್ತರಾದವರು. ಅವರಿಗಿದ್ದ ಹುಚ್ಚು ಒಂದೇ, ಹುಡುಗರಾಗಿದ್ದಾಗ ಟೀವಿಯಲ್ಲಿ ಬರುತ್ತಿದ್ದ 'ಒಂಬತ್ತನೇ ಕಕ್ಷೆ' ಎಂಬ ಧಾರಾವಾಹಿ. ಆಕಾಶದಲ್ಲಿ ದಾರಿ ತಪ್ಪಿದ ನೌಕೆಯೊಂದು ಮನೆಗೆ ವಾಪಸ್ಸು ಹೊರಟ ಕಥೆ. ನೌಕೆ ರಟ್ಟಿನದು, ಅದರ ಗುಂಡಿಗಳು ಬಾಟಲಿ ಮುಚ್ಚಳದವು, ಎಲ್ಲ ಗ್ರಹಗಳನ್ನೂ ಒಂದೇ ಕಲ್ಲುಗಣಿಯಲ್ಲಿ ನಿಂತು ತೆಗೆದಿದ್ದಾರೆಂದು ಎಂಥ ಕುರುಡನಿಗೂ ತಿಳಿಯುತ್ತದೆ. ಆದರೂ ಈ ಮೂವರು ವರ್ಷಕ್ಕೊಂದು ಸುತ್ತು ಅದನ್ನು ಮೊದಲಿನಿಂದ ಕೊನೆಯವರೆಗೆ ನೋಡುತ್ತಾರೆ. ಭಾನುವಾರಕ್ಕೆ ಮೂರು ಕಂತು, ಪ್ರತಿ ಕಂತಿನ ಮೇಲೂ ಚರ್ಚೆ. ಈ ಮೂವರ ಸಂಘಕ್ಕೆ ಗಂಡನೇ ಅಧ್ಯಕ್ಷರು. ಚುನಾವಣೆ ಯಾವಾಗ ನಡೆಯಿತು ಎಂದು ದಯವಿಟ್ಟು ಕೇಳಬೇಡಿ.

ಪಟ್ಟಿಯಕ್ಕ ಮದುವೆಯಾಗಿ ಬಂದಾಗಿನಿಂದ ಆ ಧಾರಾವಾಹಿಯನ್ನು ಅಡುಗೆಮನೆಯಿಂದ ಕೇಳಿದ್ದಾಳೆ. ಕೇಳಿದ್ದಾಳೆ ಅಷ್ಟೇ, ನೋಡಿಲ್ಲ. ವಾರವೆಲ್ಲ ಆಸ್ಪತ್ರೆ, ಮನೆಗೆಲಸಕ್ಕೆ ಸಿಗುವುದು ಭಾನುವಾರವೊಂದೇ. ಪಾತ್ರೆ ತಿಕ್ಕುತ್ತ, ಬಟ್ಟೆ ಮಡಚುತ್ತ, ಒಲೆ ಒರೆಸುತ್ತ ಗೋಡೆಯಾಚೆಯ ದನಿಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದಳು. ಕಪ್ತಾನನ ಗುಡುಗು ಗೊತ್ತಿತ್ತು, ನೌಕೆಯ ವೈದ್ಯೆಯ ಒಣಕೆಮ್ಮು ಗೊತ್ತಿತ್ತು. ಪ್ರತಿ ದನಿಗೂ ತನ್ನಷ್ಟಕ್ಕೆ ತಾನೇ ಒಂದೊಂದು ಮುಖ ಕೊಟ್ಟುಕೊಂಡಿದ್ದಳು. ದನಿ ನಿಂತರೆ ಕಂತು ಮುಗಿಯಿತೆಂದು ಲೆಕ್ಕ, ಚಹಾ ಸೋಸಿಕೊಂಡು ಹೊರಡುವುದು. ಕೊನೆಯ ಕಂತಿನಲ್ಲಿ ಚುಕ್ಕಾಣಿಯವನು ಮಾತಿಲ್ಲದೆ ಕೂತು ನೌಕೆ ತಿರುಗಿಸುವ ಆ ಉದ್ದನೆಯ ಮೌನವನ್ನು ಪ್ರತಿ ಸಲವೂ ಮುಕ್ತಾಯವೆಂದೇ ತಿಳಿದು, ಸರಿಯಾಗಿ ಅದರ ನಟ್ಟನಡುವಿಗೆ ಟ್ರೇ ತಂದಿದ್ದಳು. ಅವನ ಮುಂದೆ ಅಷ್ಟು ಸಲ ನಿಂತವಳಿಗೆ ಅಂಥವನೊಬ್ಬ ಇದ್ದಾನೆ ಎಂಬುದೇ ಗೊತ್ತಿರಲಿಲ್ಲ. ಚರ್ಚೆಯಲ್ಲಿ ಚುಕ್ಕಾಣಿಯವನ ಹೆಸರು ಬಂದಾಗೆಲ್ಲ ಅದು ಕಪ್ತಾನನದೇ ಇನ್ನೊಂದು ಹೆಸರೆಂದು ತಿಳಿದಿದ್ದಳು.

ಅವಳಿಗೆ ಮೊದಲು ನಾಚಿಕೆಯಾಯಿತು. ನಾಚಿಕೆ ತಾನೇ ಯಾಕೆ ಪಡಬೇಕು ಎನಿಸಿದ್ದೇ ಸಿಟ್ಟು ಬಂತು. ಹಳೆಯ ಪೇಪರು ಪೇರಿಸಿಟ್ಟಿದ್ದ ನಾಲ್ಕನೇ ಕುರ್ಚಿಯನ್ನು ಕಾಲಿನಿಂದಲೇ ಎಳೆದು, ಪೇಪರನ್ನೆಲ್ಲ ನೆಲಕ್ಕೆ ನೂಕಿ, ಟ್ರೇಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ನೌಕೆ ಪೂರ್ತಿ ತಿರುಗಿ, ಹೆಸರುಗಳೆಲ್ಲ ಓಡಿ, ಪರದೆ ಕಪ್ಪಾಗುವವರೆಗೂ ಯಾರಿಗೂ ಚಹಾ ಸಿಗಲಿಲ್ಲ.

"ಮೊದಲಿಂದ ಹಾಕಿ," ಎಂದಳು.

"ಸುತ್ತು ಮುಗೀತಲ್ಲ," ಎಂದರು ಗಂಡ. "ಇನ್ನೇನಿದ್ರೂ ಮುಂದಿನ ವರ್ಷ."

"ಮುಂದಿನ ವಾರ. ನಾನು ಕೂತು ನೋಡ್ತೀನಿ. ನೋಡಿ, ನಿಮ್ಮ ಚರ್ಚೇಲಿ ನಾನೂ ಮಾತಾಡ್ತೀನಿ."

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಸಂಘಕ್ಕೊಂದು ನಿಯಮವಿದೆಯೆಂದೂ, ಎಲ್ಲ ಕಂತುಗಳನ್ನೂ ನೋಡದವರು ಚರ್ಚೆಯಲ್ಲಿ ಬಾಯಿ ಹಾಕುವಂತಿಲ್ಲವೆಂದೂ ತುಂಬ ಮರ್ಯಾದೆಯಿಂದ ತಿಳಿಸಿದರು. ಮೂವರೇ ಇರುವ ಸಂಘಕ್ಕೆ ಆ ನಿಯಮ ಇಷ್ಟು ದಿನ ಯಾರನ್ನು ತಡೆಯಲು ಇತ್ತೋ ದೇವರೇ ಬಲ್ಲ.

"ಆಯ್ತು, ಎಲ್ಲ ನೋಡಿದ ಮೇಲೇ ಮಾತಾಡ್ತೀನಿ," ಎಂದು ಪಟ್ಟಿಯಕ್ಕ ಆರಿದ ಚಹಾ ಹಂಚಿದಳು.

ಸಂಜೆ ಮಗಳಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ಮಗಳು ಬಿದ್ದುಬಿದ್ದು ನಕ್ಕಳು. "ಅಮ್ಮಾ, ಅಷ್ಟಕ್ಕೆ ಜಗಳ ಯಾಕೆ? ಎಲ್ಲ ಕಂತೂ ನಿನ್ನ ಫೋನಿಗೇ ಹಾಕಿಕೊಡ್ತೀನಿ. ಹೆಡ್‌ಫೋನ್ ಹಾಕ್ಕೊಂಡು ಆರಾಮಾಗಿ ಒಬ್ಬಳೇ ನೋಡ್ಕೋ."

"ಒಬ್ಬಳೇ ನೋಡಿ ಏನು ಮಾಡ್ಲಿ? ಆಮೇಲೆ ಜಗಳ ಯಾರ ಹತ್ರ ಆಡ್ಲಿ, ನಿನ್ನ ಫೋನಿನ ಹತ್ರಾನಾ?"

ಅವಳಿಗೆ ಬೇಕಾಗಿದ್ದುದು ಅದೇ. ಆ ಮೂವರು ಗಂಟಲು ಹರಿದುಕೊಂಡು ವಾದ ಮಾಡುವುದನ್ನು ವರ್ಷಾನುಗಟ್ಟಲೆ ಕೇಳಿ ಅವಳ ಹೊಟ್ಟೆ ಉರಿದಿತ್ತು. ಕಪ್ತಾನ ಮಾಡಿದ್ದು ಸರಿಯಾ ತಪ್ಪಾ ಎಂದು ಮುಖ ಕೆಂಪಗೆ ಮಾಡಿಕೊಂಡು ಕೂಗಾಡಿ, ಕೊನೆಗೆ ಬೆನ್ನು ತಟ್ಟಿಕೊಂಡು ಎದ್ದು ಹೋಗುವ ಸುಖ ಅವರಿಗಿತ್ತು. ಅವಳಿಗೆ ಅವರ ಎಂಜಲು ಲೋಟಗಳಷ್ಟೇ ಉಳಿಯುತ್ತಿದ್ದವು.

ಗಂಡ ಒಪ್ಪಿದರು. ರಟ್ಟಿನ ನೌಕೆ ನೋಡಿ ಎರಡು ವಾರದಲ್ಲಿ ಬೇಸರ ಬಂದು ತಾನಾಗೇ ಒಳಗೆ ಹೋಗುತ್ತಾಳೆ ಎಂದು ಅವರ ಲೆಕ್ಕಾಚಾರ. ಲೆಕ್ಕಾಚಾರ ತಲೆಕೆಳಗಾಯಿತು. ಮೊದಲ ಭಾನುವಾರವೇ ಪಟ್ಟಿಯಕ್ಕ ಕಪ್ತಾನನನ್ನು ನೋಡಿ, "ಇಷ್ಟು ಕುಳ್ಳಗಿದ್ದಾನಾ ಇವನು!" ಎಂದು ಜೋರಾಗಿ ಹೇಳಿಬಿಟ್ಟಳು. ಅವಳ ಮನಸ್ಸಿನ ಕಪ್ತಾನ ಬಾಗಿಲಿಗೆ ತಲೆ ಬಗ್ಗಿಸಿ ಬರುವಷ್ಟು ಎತ್ತರದವನಾಗಿದ್ದ. ನೌಕೆಯ ಯಂತ್ರದ ಹೆಣ್ಣುದನಿಯನ್ನು ಅವಳು ಪಕ್ಕದ ಕೋಣೆಯಲ್ಲಿ ಕೂತ ಯಾವಳೋ ಗುಮಾಸ್ತೆಯದೆಂದು ತಿಳಿದಿದ್ದಳು. ದನಿ ಬರುವುದು ಗೋಡೆಯ ಮೇಲಿನ ಒಂದು ಪೆಟ್ಟಿಗೆಯಿಂದ ಎಂದು ಗೊತ್ತಾದಾಗ ಅವಳಿಗೆ ನಿಜಕ್ಕೂ ದುಃಖವಾಯಿತು. "ಪಾಪ, ಅವಳಿಗೆ ಯಾರೂ ಊಟಕ್ಕೆ ಕರೆಯಲ್ಲ ಅಂತ ಎಷ್ಟು ಸಲ ಬೇಜಾರು ಮಾಡ್ಕೊಂಡಿದ್ದೆ," ಎಂದಳು. ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗಲಿ ಎಂದು ಅವಳು ಬಿಟ್ಟಳು. ಕೂತಿದ್ದಾಳಲ್ಲ, ಅಷ್ಟು ಸಾಕಾಗಿತ್ತು.

ಎರಡನೇ ಭಾನುವಾರ ಅವಳು ಸುಮ್ಮನೆ ಕೂತು ನೋಡುವ ಪ್ರಯತ್ನ ಮಾಡಿದಳು. ಆಗಲಿಲ್ಲ. ಕಪ್ತಾನ ಸುಳ್ಳು ಹೇಳಿದಾಗ "ಸುಳ್ಳ!" ಎಂದಳು, ವೈದ್ಯೆ ಗಾಯಕ್ಕೆ ಪಟ್ಟಿ ಕಟ್ಟಿದಾಗ "ಹಾಗೆ ಕಟ್ಟಿದ್ರೆ ರಕ್ತ ಓಡುತ್ತಾ?" ಎಂದು ಕೇಳಿದಳು. ಗಂಡನ ಮುಖ ಊದಿಕೊಳ್ಳುತ್ತ ಹೋಯಿತು. ಆ ವಾರ ಅವರು ಚರ್ಚೆಯನ್ನೇ ರದ್ದು ಮಾಡಿದರು.

ಮೂರನೇ ಭಾನುವಾರ ಅವಳು ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ಮನೆ ಖಾಲಿ. ಟೀವಿಯ ಕೆಳಗಿನ ಖಾನೆಯಲ್ಲಿ ಧಾರಾವಾಹಿಯ ಡಿಸ್ಕುಗಳ ಡಬ್ಬ ಇರಲಿಲ್ಲ. ಎಲ್ಲಿಗೆ ಹೋಗಿದ್ದಾರೆಂದು ಊಹಿಸಲು ಅವಳಿಗೆ ಶಾಸ್ತ್ರ ಕೇಳಬೇಕಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, ಎರಡು ಬೀದಿ ದಾಟಿ, ಮೇಷ್ಟ್ರ ಮನೆಯ ಕರೆಗಂಟೆ ಒತ್ತಿದಳು.

ಬಾಗಿಲನ್ನು ಅರ್ಧ ತೆರೆದವರು ಮೇಷ್ಟ್ರ ಹೆಂಡತಿ. ಒದ್ದೆ ಕೈ, ಹೆಗಲ ಮೇಲೆ ಟವೆಲು. "ಅಕ್ಕಾ... ಅವರು ಯಾರೂ ಇಲ್ಲ. ಹೊರಗೆ ಹೋಗಿದ್ದಾರೆ," ಎಂದರು ನೆಲ ನೋಡುತ್ತ.

"ಇಂಧನ ಎಷ್ಟು ಉಳಿದಿದೆ?" ಎಂದು ಒಳಗಿನಿಂದ ಕಪ್ತಾನ ಗುಡುಗಿದ.

ಇಬ್ಬರು ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಷ್ಟ್ರ ಹೆಂಡತಿಯ ಮೇಲೆ ಕೋಪ ಮಾಡಿಕೊಂಡು ಏನು ಪ್ರಯೋಜನ? ಹೇಳಿಕೊಟ್ಟಿದ್ದನ್ನು ಹೇಳಿದ್ದರು. "ಬಂದ ಮೇಲೆ ಹೇಳಿ, ನಾನು ಬಂದಿದ್ದೆ ಅಂತ," ಎಂದು ಪಟ್ಟಿಯಕ್ಕ ಒಳಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿ ಹೊರಟಳು. ಬೀದಿಯ ತಿರುವಿನವರೆಗೆ ತಲೆ ಎತ್ತಿಯೇ ನಡೆದಳು. ತಿರುವು ದಾಟಿದ ಮೇಲೆ ಹೆಜ್ಜೆ ನಿಧಾನವಾಯಿತು. ಬೈದಿದ್ದರೆ ಬೈಗುಳ ವಾಪಸ್ಸು ಕೊಡಬಹುದಿತ್ತು. ಕಳ್ಳರ ಹಾಗೆ ಡಬ್ಬ ಎತ್ತಿಕೊಂಡು ಓಡಿ ಹೋದವರಿಗೆ ಏನು ಕೊಡುವುದು? ಇಷ್ಟು ವರ್ಷದ ಸಂಸಾರದಲ್ಲಿ ಗಂಡ ಅವಳಿಗೆ ಹೀಗೆ ಅವಮಾನ ಮಾಡಿರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಗಂಡನೇ ಮಾತು ತೆಗೆದರು. "ಇಷ್ಟಕ್ಕೂ ನಿನಗೆ ಅದು ಯಾಕೆ ಬೇಕು?"

"ನಿಮಗೆ ಯಾಕೆ ಬೇಕು?"

"ನನಗೆ ಅಂದ್ರೆ... ಅದು ನನ್ನ ಚಿಕ್ಕಂದಿನಿಂದ..." ಅವರು ಅನ್ನ ಕಲಸಿದರು. "ಮೇಷ್ಟ್ರ ಮನೇಲಿ ಸ್ವಲ್ಪ ಏಕಾಗ್ರತೆ ಇರುತ್ತೆ," ಎಂದರು.

"ಇರಲಿ. ಏಕಾಗ್ರತೆ ಇಟ್ಕೊಂಡು ನೋಡಿ. ನಾನೂ ನೋಡೇ ನೋಡ್ತೀನಿ, ನಿಮ್ಮ ಜೊತೇಲೇ ಕೂತು. ಎಲ್ಲಿ ಹಾಕ್ತೀರೋ ಅಲ್ಲಿಗೆ ಬರ್ತೀನಿ."

ಆ ವಾರವೆಲ್ಲ ಮನೆಯಲ್ಲಿ ಉಪ್ಪು ಎಲ್ಲಿದೆ, ಬೀಗದ ಕೈ ಎಲ್ಲಿದೆ ಎಂಬಷ್ಟೇ ಮಾತುಕತೆ ನಡೆಯಿತು.

ಅದೇ ವಾರ ಗಡಿಯಾರದವರು ತಮ್ಮ ಅಂಗಡಿಯಲ್ಲಿ ಗೋಡೆ ಗಡಿಯಾರ ತೂಗುಹಾಕಲು ಸ್ಟೂಲ್ ಹತ್ತಿ, ಜಾರಿ, ಬಲಗೈ ಮಣಿಕಟ್ಟು ಮುರಿದುಕೊಂಡರು. ಗಡಿಯಾರಕ್ಕೆ ಏನೂ ಆಗಲಿಲ್ಲವಂತೆ. ಅವರನ್ನು ಪ್ಲಾಸ್ಟರ್ ಕೋಣೆಗೆ ಕಳಿಸಿದಾಗ ಪಟ್ಟಿಯಕ್ಕ ಬಕೆಟ್ಟಿನ ನೀರು ಬದಲಿಸುತ್ತಿದ್ದಳು. ಬಾಗಿಲಲ್ಲಿ ಇಂಗು ತಿಂದ ಮಂಗನ ಹಾಗೆ ನಿಂತವರನ್ನು ನೋಡಿ, "ಬನ್ನಿ, ಏಕಾಗ್ರತೆಯಿಂದ ಕೂತ್ಕೊಳ್ಳಿ," ಎಂದಳು.

ಕೈಯನ್ನು ದಿಂಬಿನ ಮೇಲೆ ಇರಿಸಿ, ತೆಳು ಬಟ್ಟೆಯ ತೋಳು ಏರಿಸಿ, ಅದರ ಮೇಲೆ ಹತ್ತಿ ಸುತ್ತಿದಳು. ಪ್ಲಾಸ್ಟರಿನ ಸುರುಳಿಯನ್ನು ಉಗುರು ಬೆಚ್ಚಗಿನ ನೀರಿಗೆ ಹಾಕಿ, ಗುಳ್ಳೆ ನಿಲ್ಲುವುದನ್ನು ಕಾದು, ಹಿಂಡಿ ತೆಗೆದು, ಮಣಿಕಟ್ಟಿನಿಂದ ಮೇಲಕ್ಕೆ ಸುತ್ತತೊಡಗಿದಳು. ಅಂಗೈಯಿಂದ ಸವರಿ ಸವರಿ ಪದರಗಳನ್ನು ಕೂಡಿಸಿದಳು. ಗಡಿಯಾರದವರು ಛಾವಣಿ ನೋಡುತ್ತ ಕೂತಿದ್ದರು.

"ಅವತ್ತು ಮೇಷ್ಟ್ರ ಮನೇಲಿ ನೀವೂ ಇದ್ರಿ," ಎಂದಳು ಪಟ್ಟಿಯಕ್ಕ.

"ಇದ್ದೆ."

"ಬಾಗಿಲಲ್ಲಿ ನನ್ನ ದನಿ ಕೇಳಿಸ್ತಾ?"

"ಕೇಳಿಸ್ತು."

"ಎದ್ದು ಬರಲಿಲ್ಲ."

"ಬರಲಿಲ್ಲ." ಅವರು ಕೈ ಎಳೆದುಕೊಳ್ಳಲು ನೋಡಿದರು.

"ಅಲ್ಲಾಡಬೇಡಿ. ಗಟ್ಟಿಯಾಗಬೇಕು." ಪಟ್ಟಿ ಬಿಸಿಯೇರತೊಡಗಿತ್ತು. ಅವಳು ಅವರ ಮಣಿಕಟ್ಟನ್ನು ತನ್ನ ಎರಡು ಅಂಗೈ ನಡುವೆ ಹಿಡಿದು ನಿಂತಳು. ಇನ್ನು ಸ್ವಲ್ಪ ಹೊತ್ತು ಅವರು ಎಲ್ಲಿಗೂ ಓಡುವಂತಿರಲಿಲ್ಲ, ಮತ್ತು ಅವಳಿಗೆ ಅದು ಚೆನ್ನಾಗಿಯೇ ಗೊತ್ತಿತ್ತು. "ಎಲ್ಲ ಕಂತು ನೋಡದೆ ಮಾತಾಡಬಾರದು ಅಂದ್ರಿ, ಒಪ್ಪಿದೆ. ನೋಡೋಕೆ ಕೂತ್ರೆ ಡಬ್ಬ ಎತ್ಕೊಂಡು ಹೋದ್ರಿ. ಇದು ಯಾವ ಸೀಮೆ ನ್ಯಾಯ? ನಿಮ್ಮ ಕಪ್ತಾನ ಕೂಡ ಇಷ್ಟು ಕೀಳು ಕೆಲಸ ಮಾಡಲ್ಲ."

"ತಪ್ಪಾಯ್ತು," ಎಂದರು ಗಡಿಯಾರದವರು. "ಆ ನಿಯಮಾನೇ ಸುಳ್ಳು. ಹಿಮಗ್ರಹದ ಕಂತು ಇದೆಯಲ್ಲ, ಅದು ಹಾಕಿದಾಗೆಲ್ಲ ನಾನು ನಿದ್ದೆ ಮಾಡ್ತೀನಿ. ಅದರಲ್ಲಿ ಏನಾಗುತ್ತೆ ಅಂತ ಇವತ್ತಿಗೂ ಗೊತ್ತಿಲ್ಲ. ಆದ್ರೂ ಚರ್ಚೇಲಿ ಮಾತಾಡ್ತೀನಿ."

"ಅದರಲ್ಲಿ ವೈದ್ಯೆ ತನ್ನ ಮಗಳ ವಿಷಯ ಹೇಳ್ತಾಳೆ. ಮನೇಲಿ ಕಾಯ್ತಿರೋ ಮಗಳು. ನಾನು ಪಾತ್ರೆ ತೊಳೀತಾನೇ ಕೇಳಿದ್ದೀನಿ."

"ಹೌದಾ?" ಗಡಿಯಾರದವರು ಮೊದಲ ಸಲ ಅವಳ ಮುಖ ನೋಡಿದರು. "ವೈದ್ಯೆಗೆ ಮಗಳಿದ್ದಾಳಾ?"

ಪಟ್ಟಿ ಗಟ್ಟಿಯಾಗುವವರೆಗೆ ಅವರು ಆ ಕಂತಿನ ಕಥೆ ಕೇಳಿದರು. ಮೇಲೇಳುವಾಗ, "ಮುಂದಿನ ಭಾನುವಾರ ನಮ್ಮ ಮನೇಲಿ," ಎಂದರು. "ನನ್ನ ಹತ್ರಾನೂ ಎಲ್ಲ ಡಿಸ್ಕು ಇದೆ. ಕೈ ಮುರಿದಿದೆ, ಹೊರಗೆ ಬರೋಕಾಗಲ್ಲ ಅಂತ ಅವರಿಬ್ಬರಿಗೂ ಹೇಳ್ತೀನಿ."

"ಕೈ ಮುರಿದ್ರೆ ಕಾಲು ನಡೆಯಲ್ವಾ?"

"ಅಷ್ಟೆಲ್ಲ ಅವರು ಯೋಚನೆ ಮಾಡಲ್ಲ."

"ಅಯ್ಯೋ ಪಾಪ ಅಂತ ಕರೀತಿದ್ರೆ ನಾನು ಬರಲ್ಲ."

"ಪಾಪ ಏನು ಬಂತು? ನನಗೆ ಅವರಿಬ್ಬರ ಜೊತೆ ವಾದ ಮಾಡಿ ಮಾಡಿ ಸಾಕಾಗಿದೆ. ಬಾಯಿ ತೆರೆಯೋ ಮೊದಲೇ ಏನು ಹೇಳ್ತಾರೆ ಅಂತ ಗೊತ್ತಿರುತ್ತೆ. ಬನ್ನಿ. ಬೇಗ ಬನ್ನಿ, ತಪ್ಪಿದ ಕಂತುಗಳನ್ನ ಮೊದಲು ಹಾಕ್ತೀನಿ."

ಗಡಿಯಾರದವರದು ಒಂಟಿ ಬದುಕು. ಮನೆಯ ಗೋಡೆಗಳ ತುಂಬ ಗಡಿಯಾರ, ಒಂದೊಂದರಲ್ಲಿ ಒಂದೊಂದು ಹೊತ್ತು. ಭಾನುವಾರ ಅವರು ಎಡಗೈಯಿಂದಲೇ ಲೋಲಕಗಳನ್ನೆಲ್ಲ ಹಿಡಿದು ನಿಲ್ಲಿಸಿ ಟೀವಿ ಹಾಕಿದರು. ಗಂಡನೂ ಮೇಷ್ಟ್ರೂ ಬಾಗಿಲಿಗೆ ಬಂದಾಗ ಪಟ್ಟಿಯಕ್ಕ ಟೀವಿಗೆ ನೇರವಾಗಿದ್ದ ಕುರ್ಚಿಯಲ್ಲಿ ಕೂತಾಗಿತ್ತು. ಗಂಡ ಹೊಸ್ತಿಲಲ್ಲೇ ನಿಂತರು.

"ಇವಳು ಇಲ್ಲೂ..." ಎಂದರು ಗಡಿಯಾರದವರ ಕಡೆ ತಿರುಗಿ.

"ನಮ್ಮನೆ," ಎಂದರು ಗಡಿಯಾರದವರು. "ನಾನು ಕರೆದಿದ್ದು. ಬಾಗಿಲು ಹಾಕಿ, ಬೆಳಕು ಬೀಳುತ್ತೆ."

ಅಧ್ಯಕ್ಷರು ಅಲ್ಲಿಂದಲೇ ವಾಪಸ್ಸು ಹೋಗಬಹುದಿತ್ತು. ಅವಳು ಅದಕ್ಕೂ ತಯಾರಾಗಿದ್ದಳು. ಹೋದರೆ ಹೋಗಲಿ, ತಾನಂತೂ ಏಳುವುದಿಲ್ಲ ಎಂದು ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದಿದ್ದಳು. ಆದರೆ ಪರದೆಯ ಮೇಲೆ ಆಗಲೇ ನೌಕೆ ಎರಡು ಸೂರ್ಯರ ನಡುವಿಂದ ತೂರಿ ಬರುತ್ತಿತ್ತು. ಗಂಡನಿಗೆ ಆ ದೃಶ್ಯವೆಂದರೆ ಪಂಚಪ್ರಾಣ. ಅದನ್ನು ಬಿಟ್ಟು ಹೋಗುವುದು ಅವರ ಕೈಲಾಗಲಿಲ್ಲ. ಮೂಲೆಯ ಕುರ್ಚಿಯಲ್ಲಿ ಗಂಟುಮುಖ ಹಾಕಿಕೊಂಡು ಕೂತರು.

ಹಾಗೆ ಆ ಸುತ್ತು ಸಾಗಿತು. ಭಾನುವಾರಗಳು ಉರುಳಿದವು. ಗಂಡನ ಮುಖದ ಗಂಟು ನಿಧಾನವಾಗಿ ಸಡಿಲವಾಯಿತು. ಒಂದು ದಿನ ನೌಕೆಗೆ ಎಷ್ಟು ಬಾಗಿಲು ಎಂದು ಅವಳು ಕೇಳಿದ್ದಕ್ಕೆ ಮನೆಗೆ ಬಂದು, ಹಾಳೆ ತೆಗೆದು, ಇಡೀ ನೌಕೆಯ ನಕ್ಷೆಯನ್ನೇ ಬರೆದು ತೋರಿಸಿದರು. ಬರೆಯುವಾಗ ಅವರ ನಾಲಗೆಯ ತುದಿ ಹುಡುಗರ ಹಾಗೆ ಹೊರಗೆ ಬಂದಿತ್ತು. ಪಟ್ಟಿಯಕ್ಕನಿಗೆ ಅವರ ಮೇಲೆ ಪ್ರೀತಿ ಉಕ್ಕಿತು. ಆದರೆ ಚರ್ಚೆಯ ಹೊತ್ತಿಗೆ ಅವಳು ಬಾಯಿ ಬಿಡಲಿಲ್ಲ. ಒಪ್ಪಿಕೊಂಡ ನಿಯಮವನ್ನು ಹಟಕ್ಕೆ ಬಿದ್ದು ಪಾಲಿಸಿದಳು, ಕೊನೆಯಲ್ಲಿ ಯಾರೂ ನೆಪ ಹೇಳದಿರಲಿ ಎಂದು.

ಕೊನೆಯ ಕಂತೂ ಬಂತು. ಮನೆಗೆ ಇನ್ನೊಂದೇ ದಿನದ ದಾರಿ. ಎಲ್ಲರೂ ಮಲಗಿದ್ದಾರೆ, ಕಪ್ತಾನ ಜ್ವರದಲ್ಲಿ ಪ್ರಜ್ಞೆ ತಪ್ಪಿ ಬಿದ್ದಿದ್ದಾನೆ. ಚುಕ್ಕಾಣಿಯವನೊಬ್ಬನೇ ಎಚ್ಚರ. ದೂರದಲ್ಲಿ ಕೆಟ್ಟು ನಿಂತ ಇನ್ನೊಂದು ನೌಕೆಯ ದೀಪ ಮಿಣುಕುವುದು ಅವನಿಗೆ ಕಾಣಿಸುತ್ತದೆ. ಅಲ್ಲಿಗೆ ಹೋದರೆ ಇಂಧನ ತೀರಿ ಮತ್ತೆಂದೂ ಮನೆ ಮುಟ್ಟುವಂತಿಲ್ಲ. ಅವನು ಬಹಳ ಹೊತ್ತು ನೋಡುತ್ತಾನೆ, ಆಮೇಲೆ ಚಕ್ರ ತಿರುಗಿಸುತ್ತಾನೆ. ವೈದ್ಯೆ ಎದ್ದು ಬಂದು ಅವನ ಭುಜದ ಮೇಲೆ ಕೈ ಇಡುತ್ತಾಳೆ. ಪರದೆ ಕಪ್ಪಾಗುತ್ತದೆ.

ಆಗ ಗಂಡ ಎದ್ದು ನಿಂತರು. ಮುಂಚೆಯೇ ತಯಾರು ಮಾಡಿಕೊಂಡಿದ್ದರೆಂದು ಕಾಣುತ್ತದೆ, ಅಂಗಿಯ ತುದಿಯನ್ನು ಎಳೆದು ಸರಿಪಡಿಸಿಕೊಂಡರು.

"ಈ ಸಲ ಚರ್ಚೆಗೆ ಮೊದಲು ನಾನೊಂದು ಮಾತು ಹೇಳಬೇಕು," ಎಂದರು. "ಇಷ್ಟು ವರ್ಷ ಚುಕ್ಕಾಣಿಯವನ ತ್ಯಾಗ, ಅವನ ಮೌನ ಅಂತ ನಾವು ಹೊಗಳಿದ್ದೇ ಹೊಗಳಿದ್ದು. ಅಂಥ ಒಬ್ಬಳು ನಮ್ಮ ಮನೇಲೇ ಇದ್ದಳು, ನಾನು ನೋಡಲಿಲ್ಲ. ಇಷ್ಟು ವರ್ಷ ಒಂದು ಮಾತಾಡದೆ, ಅಡುಗೆಮನೇಲಿ, ಎಲ್ಲರಿಗೋಸ್ಕರ... ಇವಳೇ ನಮ್ಮ ಚುಕ್ಕಾಣಿಯವನು." ಅವರ ಕಣ್ಣಲ್ಲಿ ನೀರು ಬಂತು. ನಾಟಕವಲ್ಲ, ನಿಜವಾದ ನೀರು.

"ಆಹಾ!" ಎಂದರು ಮೇಷ್ಟ್ರು. "ಎಂಥ ಮಾತು! ಇಷ್ಟು ದಿನದಲ್ಲಿ ಇಂಥ ಮಾತು ಬಂದಿರಲಿಲ್ಲ."

ಮೂವರೂ ಅವಳ ಕಡೆ ನೋಡಿದರು. ಅವಳು ಸೆರಗಿನಿಂದ ಕಣ್ಣೊರೆಸಿಕೊಳ್ಳಬೇಕಿತ್ತು, ಅಷ್ಟು ಮಾಡಿದ್ದರೆ ಎಲ್ಲ ಸುಖವಾಗಿ ಮುಗಿಯುತ್ತಿತ್ತು. ಒಂದು ಗಳಿಗೆ ಅವಳ ಮನಸ್ಸೂ ಕರಗಿತು, ಸುಳ್ಳೇಕೆ. ಆದರೆ ಆ ಹೊಗಳಿಕೆ ಗಂಟಲಿನಲ್ಲಿ ಇಳಿಯಲಿಲ್ಲ.

"ನಾನು ಯಾವತ್ರೀ ಸುಮ್ಮನಿದ್ದೆ?" ಎಂದಳು.

"ಅಂದ್ರೆ..."

"ಅಡುಗೆಮನೆಯಿಂದ ಮಾತಾಡ್ತಾನೇ ಇದ್ದೆ. ಕಪ್ತಾನ ಸುಳ್ಳು ಹೇಳ್ತಿದ್ದಾನೆ ಅಂತ ಕೂಗಿದ್ದೀನಿ, ಆ ಯಂತ್ರದವಳ ಮಾತು ಕೇಳಬೇಡಿ ಅಂತ ಕೂಗಿದ್ದೀನಿ. ನೀವು ಟೀವಿ ದನಿ ಜಾಸ್ತಿ ಮಾಡ್ಕೊಂಡ್ರಿ. ನಾನು ಮಾತಾಡದೇ ಇದ್ದೋಳಲ್ಲ, ನೀವು ಕೇಳಿಸಿಕೊಳ್ಳದೇ ಇದ್ದೋರು. ಈಗ ಅದನ್ನೂ ನನ್ನ ದೊಡ್ಡಗುಣ ಅಂತ ನನ್ನ ತಲೆಗೇ ಕಟ್ಟಬೇಡಿ."

ಗಂಡ ಕೂತರು. ಕೆನ್ನೆಗೆ ಹೊಡೆಸಿಕೊಂಡವರಂತೆ ಕಾಣುತ್ತಿದ್ದರು. ಮೇಷ್ಟ್ರು ಸಮಾಧಾನ ಮಾಡಲು ಮುಂದೆ ಬಗ್ಗಿದರು: "ಅಲ್ಲಮ್ಮಾ, ನಿಮ್ಮ ನೋವು ನಮಗೆ ಅರ್ಥ ಆಗುತ್ತೆ. ಇವತ್ತು ಅದನ್ನೆಲ್ಲ ಮನಸ್ಸು ಬಿಚ್ಚಿ ಹೇಳ್ಕೊಳ್ಳಿ..."

"ನನ್ನ ನೋವು ಹೇಳ್ಕೊಳ್ಳೋಕೆ ನಾನು ಬಂದಿಲ್ಲ ಮೇಷ್ಟ್ರೇ!" ಪಟ್ಟಿಯಕ್ಕನ ದನಿ ಏರಿತು. "ನೀವು ಮೂರು ಜನ ಬಾಯಿ ಬಿಟ್ರೆ ಆಕಾಶ, ಗ್ರಹ, ನ್ಯಾಯ. ನಾನು ಬಾಯಿ ಬಿಟ್ರೆ ಮಾತ್ರ ಅದು ಅಡುಗೆಮನೆ ವಿಷಯಾನೇ ಆಗಬೇಕಾ? ಎಲ್ಲ ಕಂತೂ ನೋಡಿದ್ದೀನಿ. ನನಗೆ ಆಕಾಶನೌಕೆ ಬಗ್ಗೆ ಹೇಳೋದಿದೆ. ಆಕಾಶನೌಕೆ ಬಗ್ಗೆ!"

"ಹೇಳಿ," ಎಂದರು ಗಡಿಯಾರದವರು, ಪಟ್ಟಿ ಕಟ್ಟಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು.

"ಚುಕ್ಕಾಣಿಯವನು ಮಾಡಿದ್ದು ತಪ್ಪು. ಅದನ್ನ ತ್ಯಾಗ ಅಂತ ನೀವು ಕುಣಿಯೋದು ಇನ್ನೂ ತಪ್ಪು."

ಮೇಷ್ಟ್ರು ಹುಬ್ಬೇರಿಸಿದರು. ಚುಕ್ಕಾಣಿಯವನ ಮೇಲೆ ಆ ಸಂಘದಲ್ಲಿ ಇಷ್ಟು ವರ್ಷದಲ್ಲಿ ಯಾರೂ ಬೆರಳು ತೋರಿಸಿರಲಿಲ್ಲ.

"ಆ ನೌಕೇಲಿ ಅವನೊಬ್ಬನೇ ಇದ್ನಾ?" ಎಂದಳು ಪಟ್ಟಿಯಕ್ಕ. "ಅವನು ಬಿಟ್ಟುಕೊಟ್ಟಿದ್ದು ಅವನ ಮನೆ ಅಲ್ಲ, ಎಲ್ಲರ ಮನೆ. ವೈದ್ಯೆಗೆ ಮಗಳಿದ್ದಾಳೆ, ಕಾಯ್ತಿದ್ದಾಳೆ. ಅವಳನ್ನ ಎಬ್ಬಿಸಬಹುದಿತ್ತು. ಅಷ್ಟು ಹೊತ್ತು ಕೂತು ದೀಪ ನೋಡಿದನಲ್ಲ, ಅಷ್ಟರಲ್ಲಿ ಹತ್ತು ಸಲ ಎಲ್ಲರನ್ನೂ ಎಬ್ಬಿಸಬಹುದಿತ್ತು. ಮಾತು ಬರಲ್ಲ ಅಂದ್ರೆ ಗೋಡೆ ಬಡೀಲಿ, ಗಂಟೆ ಹೊಡೀಲಿ. ಒಬ್ಬರನ್ನೂ ಕೇಳದೆ ತಿರುಗಿಸಿಬಿಟ್ಟ. ಕೇಳಿದ್ರೆ ಎಲ್ಲರೂ ಹೂಂ ಅಂತಿದ್ರೋ ಏನೋ! ಕೇಳೋದಕ್ಕೆ ಅವನಿಗೇನಾಗಿತ್ತು ಧಾಡಿ?"

"ತಪ್ಪು!"

ಕೂಗಿದವರು ಗಂಡ. ಎದ್ದು ನಿಂತಿದ್ದರು. ಕಣ್ಣೀರು ಎಲ್ಲಿ ಹೋಯಿತೋ, ಮುಖ ಕೆಂಪಡರಿತ್ತು. "ಶುದ್ಧ ತಪ್ಪು! ತಲೆಬುಡ ಇಲ್ಲದ ಮಾತು! ಆ ಇನ್ನೊಂದು ನೌಕೇಲಿ ಜನ ಸಾಯ್ತಾ ಇರೋವಾಗ ಎಬ್ಬಿಸಿ ಸಭೆ ಮಾಡ್ಕೊಂಡು ಕೂರೋಕಾಗುತ್ತಾ? ಮತ್ತೆ ವೈದ್ಯೆ ಬಂದು ಭುಜದ ಮೇಲೆ ಕೈ ಇಟ್ಟಳಲ್ಲ, ಅದೇನು ಹಾಗಾದ್ರೆ? ಅದು ಒಪ್ಪಿಗೆ ಅಲ್ವಾ?"

ಪಟ್ಟಿಯಕ್ಕನ ಎದೆ ಹಿಗ್ಗಿತು. ಅವರು ಮೇಷ್ಟ್ರ ಮೇಲೆ ಹೀಗೆ ಕೂಗಾಡುವುದನ್ನು ಗೋಡೆಯಾಚೆಯಿಂದ ಕೇಳಿದ್ದಳು, ಗಡಿಯಾರದವರ ಮೇಲೆ ಕೂಗಾಡುವುದನ್ನು ಕೇಳಿದ್ದಳು. ತನ್ನ ಮೇಲೆ ಈಗಲೇ ಮೊದಲು. ಅವಳೂ ಕುರ್ಚಿ ಬಿಟ್ಟು ಎದ್ದಳು.

"ಯಾವ ಒಪ್ಪಿಗೆ? ಅದು ತಡೆಯೋಕೆ ಬಂದ ಕೈ! ಬೆರಳು ಹೇಗೆ ಒತ್ತಿ ಹಿಡಿದಿದ್ದಾಳೆ ನೋಡಿದ್ರಾ? ಅಷ್ಟು ಹೊತ್ತಿಗೆ ಚಕ್ರ ತಿರುಗಿಯಾಗಿತ್ತು, ಇನ್ನೇನು ಮಾಡ್ತಾಳೆ ಪಾಪ!"

"ಸಮಾಧಾನ ಮಾಡೋ ಕೈ ಅದು! ಕುರುಡರಿಗೂ ಗೊತ್ತಾಗುತ್ತೆ!"

"ಹಾಗಾದ್ರೆ ಮುಖ ಯಾಕೆ ಆ ಕಡೆ ತಿರುಗಿಸಿದಳು?"

"ತಿರುಗಿಸಲಿಲ್ಲ," ಎಂದರು ಗಂಡ. "ತಿರುಗಿಸಿದಳಾ?" ಎಂದು ಮೇಷ್ಟ್ರನ್ನು ಕೇಳಿದರು. ಮೇಷ್ಟ್ರಿಗೆ ನೆನಪಿರಲಿಲ್ಲ. ಗಡಿಯಾರದವರು ಯಾರೂ ಹೇಳದೆಯೇ ಕಂತನ್ನು ಹಿಂದಕ್ಕೆ ಓಡಿಸತೊಡಗಿದ್ದರು. ನಾಲ್ವರೂ ಪರದೆಯ ಹತ್ತಿರಕ್ಕೆ ಬಗ್ಗಿ ನೋಡಿದರು. ಒಂದು ಸಲ ನೋಡಿ ಮೇಷ್ಟ್ರು ಗಂಡನ ಪಕ್ಷ ಎಂದರು, ಇನ್ನೊಂದು ಸಲ ನೋಡಿ ಹೇಳುವುದು ಕಷ್ಟ ಎಂದರು.

"ನಾನು ಸತ್ರೂ ಇದನ್ನ ಒಪ್ಪಲ್ಲ ಕಣೇ," ಎಂದರು ಗಂಡ ಏದುಸಿರು ಬಿಡುತ್ತ. "ಸತ್ರೂ ಒಪ್ಪಲ್ಲ."

"ಒಪ್ಪಬೇಡಿ," ಎಂದಳು ಪಟ್ಟಿಯಕ್ಕ. "ಉತ್ತರ ಕೊಡಿ."